ನಿಂತರೆ ಮನೆ, ಹೊರಟರೆ ಗಾಡಿ

ಗಾಲಿಗಳ ಮೇಲಿರುವ ಮನೆಯನ್ನು ನಿಂತಾಗ ಮನೆಯೆಂದೂ, ಹೊರಟಾಗ ಗಾಡಿಯೆಂದೂ ಪರಿಗಣಿಸತಕ್ಕದ್ದು. ಕಡಲತೀರದಲ್ಲಿ ಮನೆ ಕಟ್ಟುವುದು ನಿಷಿದ್ಧವಾದ ಕಾರಣ ಅಲ್ಲಿ ಸದರಿ ಮನೆಯು ನಿಲ್ಲತಕ್ಕದ್ದಲ್ಲ. ಗಾಡಿಗೆ ಯಾರ ಅಡ್ಡಿಯೂ ಇಲ್ಲದ ಕಾರಣ ಅದು ಎಷ್ಟು ಬೇಕಾದರೂ ಓಡಾಡಬಹುದು.

ಈ ನಿಯಮವನ್ನು ಬರೆದವರು ನಿಯಮಾವಳಿ ವಿಭಾಗದ ಉಪನಿರ್ದೇಶಕರು. ಬರೆಯುವಾಗ ಅವರು ಇಂಥ ಗಾಡಿಯನ್ನಾಗಲೀ ಸಮುದ್ರವನ್ನಾಗಲೀ ಕಣ್ಣಿಂದ ಕಂಡಿರಲಿಲ್ಲ. ಆದ್ದರಿಂದಲೇ ನಿಯಮದಲ್ಲಿ ಪಕ್ಷಪಾತದ ಸೋಂಕಿರಲಿಲ್ಲ. ಇಲಾಖೆ ಮೆಚ್ಚಿ ಈ ಉಪನಿರ್ದೇಶಕರ ಹುದ್ದೆಗೆ ಬಡ್ತಿ ಕೊಟ್ಟಿತು.

ಬಡ್ತಿಯ ಸಂತೋಷಕ್ಕೆ ಅವರು ಹೆಂಡತಿ, ಮಗಳು, ಮಗನೊಂದಿಗೆ ಬಾಡಿಗೆಯ ಮನೆಗಾಡಿಯಲ್ಲಿ ರಜೆಗೆ ಹೊರಟರು. ಗಾಡಿಯೊಳಗೆ ಮಡಚುವ ಮಂಚಗಳು, ಅಂಗೈಯಗಲದ ಸಿಂಕು, ಒಬ್ಬರು ತಿರುಗಿದರೆ ಇನ್ನೊಬ್ಬರು ಹೊಟ್ಟೆ ಒಳಕ್ಕೆಳೆದುಕೊಳ್ಳಬೇಕಾದ ಅಡುಗೆಮನೆ. ಗಾಡಿ ಬಾಡಿಗೆಗೆ ಕೊಟ್ಟವನ ಕರಾರು ತೀರಾ ಸಡಿಲವೆನಿಸಿ ಉಪನಿರ್ದೇಶಕರು ತಾವಾಗಿಯೇ ಎರಡು ಷರತ್ತು ಬರೆಸಿದ್ದರು: ತಮ್ಮ ಹೊರತು ಯಾರೂ ಗಾಡಿ ಓಡಿಸತಕ್ಕದ್ದಲ್ಲ, ತಾವು ಗಾಡಿಯನ್ನು ಬಿಟ್ಟು ಎಲ್ಲಿಗೂ ಹೋಗತಕ್ಕದ್ದಲ್ಲ.

"ನನಗೂ ಓಡಿಸೋಕೆ ಬರುತ್ತಲ್ಲ," ಎಂದಳು ಹೆಂಡತಿ.

"ಬರೋದು ಬೇರೆ, ಅರ್ಹತೆ ಬೇರೆ."

ಹೆಂಡತಿ ಹಲ್ಲಿನ ಡಾಕ್ಟರು. ದಿನವಿಡೀ ಊರವರ ಬಾಯಿ ತೆರೆಸುವವಳು, ಗಂಡನ ಮುಂದೆ ತನ್ನ ಬಾಯಿ ಮುಚ್ಚಿಕೊಂಡಳು.

ಮೊದಲ ಸಂಜೆ ಗಾಡಿ ಒಂದು ಹುಲ್ಲುಗಾವಲಿನ ಪಕ್ಕಕ್ಕೆ ಬಂತು. ಮಕ್ಕಳು ಕುರಿಮರಿಗಳ ಹಿಂದೆ ಓಡಿ, ಕೆಸರಲ್ಲಿ ಬಿದ್ದು, ಎದ್ದು, ಮತ್ತೆ ಬೇಕೆಂದೇ ಬಿದ್ದರು. ಉಪನಿರ್ದೇಶಕರು ಮಾತ್ರ ಗಾಡಿ ಬಿಟ್ಟಿಳಿಯದೆ ಕುರಿಯವನನ್ನು ಕಿಟಕಿಯ ಬಳಿಗೆ ಕೂಗಿ ಕರೆದು, ಇಲ್ಲಿ ತಂಗಲು ಲಿಖಿತ ಅನುಮತಿ ಬೇಕೆಂದರು.

"ನಿಲ್ಸಿ ಸ್ವಾಮಿ," ಎಂದ ಕುರಿಯವನು. "ಹುಲ್ಲೇನು ನನ್ನ ಕೇಳಿ ಬೆಳೆಯುತ್ತಾ?"

"ಬಾಯಿಮಾತಿಗೆ ಬೆಲೆ ಇಲ್ಲಪ್ಪ."

"ಹಾಗಾದ್ರೆ ನೀವು ಈಗ ಆಡಿದ್ದು?"

ಈ ಪ್ರಶ್ನೆಯನ್ನು ಪರಿಶೀಲನೆಗೆ ಕಾಯ್ದಿರಿಸಿ, ಉಪನಿರ್ದೇಶಕರು ಗೊರಕೆ ಹೊಡೆಯುತ್ತಾ ಮಲಗಿದರು.

ಮರುದಿನ ರಸ್ತೆ ದಿಬ್ಬವಿಳಿಯುತ್ತಿದ್ದಂತೆ ಸಮುದ್ರ ಕಂಡಿತು. ಕಿಟಕಿಗೆ ಮೂಗು ಒತ್ತಿ ಕೂತಿದ್ದ ಮಗಳು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ದಂಡೆಯ ಬಳಿ ಗಾಡಿ ನಿಧಾನಿಸಿತೋ ಇಲ್ಲವೋ, ಕಾವಲಿನ ಹೆಂಗಸು ಸೀಟಿ ಊದುತ್ತಾ ಓಡಿಬಂದಳು.

"ನಿಲ್ಲಿಸೋ ಹಾಗಿಲ್ಲ ಸಾರ್."

"ಗೊತ್ತಮ್ಮ. ಆ ನಿಯಮ ಬರೆದವನೇ ನಾನು."

ಅವಳು ನೆಟ್ಟಗೆ ನಿಂತು ಸಲ್ಯೂಟ್ ಹೊಡೆದಳು. "ತಾವೇನಾ ಸಾರ್? ಪೂರ್ತಿ ಬಾಯಿಪಾಠ ಮಾಡಿದೀನಿ. ಸೂಜಿ ತೂರಿಸೋಷ್ಟೂ ಸಂದಿ ಬಿಟ್ಟಿಲ್ಲ ನೋಡಿ ತಾವು!"

ಉಪನಿರ್ದೇಶಕರು ಹಿಗ್ಗಿ ಹೀರೇಕಾಯಿಯಾದರು. "ಹಾಗಾದ್ರೆ ಒಂದು ಹತ್ತು ನಿಮಿಷ ಇಲ್ಲೇ..."

"ಮುಂದೆ ಹೋಗಿ ಸಾರ್, ಬೇಗ! ಮನೆ ಆಗ್ತಾ ಇದ್ದೀರಿ!"

ದಂಡೆಗೆ ತಗುಲಿಕೊಂಡು ಒಂದು ವರ್ತುಲ ರಸ್ತೆಯಿತ್ತು. ಅದರಲ್ಲಿ ಆಗಲೇ ಹತ್ತಾರು ಮನೆಗಾಡಿಗಳು ಗಾಣದೆತ್ತಿನಂತೆ ಸುತ್ತುತ್ತಿದ್ದವು. ಒಂದರ ಕಿಟಕಿಯಲ್ಲಿ ಟವಲ್ಲು ಒಣಗುತ್ತಿತ್ತು, ಇನ್ನೊಂದರಲ್ಲಿ ಅಜ್ಜಿಯೊಬ್ಬಳು ತರಕಾರಿ ಹೆಚ್ಚುತ್ತಿದ್ದಳು. ಉಪನಿರ್ದೇಶಕರೂ ಸಾಲು ಸೇರಿದರು. ಗಾಡಿ ಕಾಲ್ನಡಿಗೆಯ ವೇಗಕ್ಕೆ ಇಳಿದಾಗ ಹೆಂಡತಿ ತಾನೂ ಇಳಿದು, ಮಕ್ಕಳ ರಟ್ಟೆ ಹಿಡಿದು ಇಳಿಸಿಕೊಂಡಳು. ಮೂವರೂ ನೀರಿಗೆ ಓಡಿದರು. ಉಪನಿರ್ದೇಶಕರು ತಿರುವು ತೆಗೆದುಕೊಂಡರು.

ಪಕ್ಕದ ಸಾಲಿನಲ್ಲಿ ಒಬ್ಬ ದರ್ಜಿಯ ಗಾಡಿ ಸಮಕ್ಕೆ ಬಂತು. "ಹೊಸಬರಾ? ನಮ್ಮದು ಮೂರನೇ ದಿನ. ಯಾವನು ಬರೆದನೋ ಈ ನಿಯಮ, ತಲೇಲಿ ಬರೀ ಬೂಸಾ ತುಂಬಿರಬೇಕು."

"ಹೌದು, ಕಾಲ ಕೆಟ್ಟೋಗಿದೆ," ಎಂದರು ಉಪನಿರ್ದೇಶಕರು.

ಅಷ್ಟರಲ್ಲಿ ಒದ್ದೆ ಚಡ್ಡಿಯಲ್ಲಿ ತಿಂಡಿಗೆಂದು ಹತ್ತಿಬಂದಿದ್ದ ಮಗ ಕಿಟಕಿಯಿಂದ ತಲೆ ಹಾಕಿ ಹೆಮ್ಮೆಯಿಂದ ಕೂಗಿದ: "ಅದನ್ನ ಬರೆದಿದ್ದು ನಮ್ಮಪ್ಪನೇ!"

ಉಪನಿರ್ದೇಶಕರು ಸೀಟಿನಲ್ಲಿ ಕುಸಿದು, ಕಲ್ಲೋ ಚಪ್ಪಲಿಯೋ ಎಂದು ಕಾದರು. ದರ್ಜಿಯ ಮುಖ ಅರಳಿತು.

"ಒಳ್ಳೇದಾಯ್ತು, ಸಿಕ್ಕಿದಿರಿ! ಒಂದು ಅನುಮಾನ ಕಾಡ್ತಾ ಇದೆ. ಟೈರು ಪಂಕ್ಚರ್ ಆದ್ರೆ ನಾವು ಮನೆಯೋ, ಗಾಡಿಯೋ?"

"ಟೈರು ಬಿಚ್ಚೋವರೆಗೆ ಗಾಡಿ. ಬಿಚ್ಚಿದ ಮೇಲೆ ಮನೆ. ಮನೆಗೆ ಟೈರು ಹಾಕೋಕೆ ಅನುಮತಿ ಇಲ್ಲ."

"ಅಬ್ಬಾ, ಎಷ್ಟು ಸರಳ!" ದರ್ಜಿ ಹಿಂದಿನ ಗಾಡಿಗೆ ಅದನ್ನು ಕೂಗಿ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಉಪನಿರ್ದೇಶಕರ ಕಿಟಕಿಯ ಪಕ್ಕ ಅನುಮಾನವಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು, ಪರಿಹಾರ ಪಡೆದು, ಹಿಂದೆ ಸರಿಯುತ್ತಿದ್ದರು.

ಸಂಜೆ ಮಗಳು ಗಾಡಿಯ ಪಕ್ಕದಲ್ಲೇ ಓಡುತ್ತಾ ಬಂದು ಕಿಟಕಿಗೆ ಒಂದು ಮಗ್ಗು ಎತ್ತಿಹಿಡಿದಳು. ಅರ್ಧ ಚೆಲ್ಲಿಹೋಗಿತ್ತು. "ಅಪ್ಪಾ, ಸಮುದ್ರ ತಂದಿದೀನಿ."

ಉಪನಿರ್ದೇಶಕರು ಒಂದು ಕೈ ಸ್ಟೀರಿಂಗಿನ ಮೇಲಿಟ್ಟು ಇನ್ನೊಂದರ ಎರಡು ಬೆರಳು ಅದ್ದಿದರು. ನಾಲಿಗೆಗೆ ಹಚ್ಚಿ, "ಉಪ್ಪಾಗಿದೆ," ಎಂದು ದೃಢೀಕರಿಸಿದರು.

"ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳು ಜಾರುತ್ತಪ್ಪಾ. ಕಚಗುಳಿ ಇಟ್ಟ ಹಾಗೆ. ಅದನ್ನ ಮಾತ್ರ ತರೋಕಾಗ್ಲಿಲ್ಲ. ನೀನೇ ಬಾ."

ಉಪನಿರ್ದೇಶಕರು ಇನ್ನರ್ಧ ಸುತ್ತು ಹಾಕಿದರು. ಆಮೇಲೆ ಕಚೇರಿಗೆ ಫೋನ್ ಹಚ್ಚಿದರು.

"ನೋಡಪ್ಪ, ಆ ಕಡಲತೀರದ ನಿಯಮ ಒಂದು ದಿನಕ್ಕೆ ಸಡಿಲ ಮಾಡಬೇಕಿತ್ತು. ಗಾಡಿಯನ್ನ ನೀರಂಚಿಗೆ ನಿಲ್ಲಿಸಿ, ಮೆಟ್ಟಿಲ ಮೇಲೆ ಕೂತೇ ಕಾಲು ಇಳಿಬಿಡ್ತೀನಿ."

"ಅದಕ್ಕೆ ಉಪನಿರ್ದೇಶಕರ ಸಹಿ ಬೇಕು ಸಾರ್," ಎಂದ ಸಹಾಯಕ.

"ನಾನೇ ಅಲ್ವೇನೋ ಉಪನಿರ್ದೇಶಕ!"

"ಹೌದು ಸಾರ್. ಆದ್ರೆ ಉಪನಿರ್ದೇಶಕರು ರಜೆಯಲ್ಲಿದ್ದಾರೆ."

"ಅದು ನನಗೆ ಗೊತ್ತಿಲ್ವಾ? ನಾನು ರಜೆಯಲ್ಲಿದ್ದುಕೊಂಡೇ ಹೇಳ್ತಾ ಇದೀನಿ."

"ರಜೆಯಲ್ಲಿರೋ ಅಧಿಕಾರಿ ಹೇಳಿದ್ದನ್ನ ಕೇಳಬಾರದು ಅಂತ ತಾವೇ ಹೇಳಿಕೊಟ್ಟಿದ್ದು ಸಾರ್. ಕ್ಷಮಿಸಿ, ಈ ಫೋನು ಬಂದೇ ಇಲ್ಲ." ಸಹಾಯಕ ಇಟ್ಟುಬಿಟ್ಟ.

"ಏನಂದ?" ಎಂದಳು ಆಗಷ್ಟೇ ಹತ್ತಿಬಂದ ಹೆಂಡತಿ, ಕೂದಲಿನ ಮರಳು ಕೊಡವುತ್ತಾ.

"ಒಳ್ಳೇ ಹುಡುಗ. ನಾನೇ ತಯಾರು ಮಾಡಿದ್ದು," ಎಂದರು ಉಪನಿರ್ದೇಶಕರು. ಅವರ ಕಣ್ಣಂಚು ಒದ್ದೆಯಾಗಿತ್ತು. ಅದು ಹೆಮ್ಮೆಯಿಂದ ಎಂದು ಅವರು ಹೆಂಡತಿಗೆ ತಿಳಿಯಪಡಿಸಿದರು.

ರಜೆ ಮುಗಿಯುವ ತನಕ ಹಗಲೆಲ್ಲ ಸುತ್ತು, ಕತ್ತಲಾದರೆ ಕುರಿಯವನ ಹುಲ್ಲುಗಾವಲು. ಹೊರಡುವ ದಿನ ದರ್ಜಿಗೆ ನಿಜಕ್ಕೂ ಬೇಸರವಾಯಿತು. "ಇಷ್ಟು ಬೇಗನಾ? ಈಗ ತಾನೇ ಸಾಲು ಹದಕ್ಕೆ ಬಂದಿತ್ತು." ಕಾವಲಿನ ಹೆಂಗಸು ತಿರುವಿನ ತನಕ ಓಡಿಬಂದು ಬೀಳ್ಕೊಟ್ಟಳು, ನಿಲ್ಲಲು ಮಾತ್ರ ಬಿಡಲಿಲ್ಲ.

ಕಚೇರಿಗೆ ಮರಳಿದ ದಿನ ಎಲ್ಲರೂ ಉಪನಿರ್ದೇಶಕರ ಮೇಜಿನ ಸುತ್ತ ನೆರೆದರು. "ಸಮುದ್ರ ಹೇಗಿತ್ತು ಸಾರ್?" ಎಂದು ಸಹಾಯಕ ಕೇಳಿದ.

ಉಪನಿರ್ದೇಶಕರು ಸ್ಟೀರಿಂಗ್ ಹಿಡಿದವರಂತೆ ಎರಡೂ ಕೈ ಮೇಜಿನ ಮೇಲಿಟ್ಟರು.

"ಎಡಗಡೆ ಇತ್ತು," ಎಂದರು.

ಎಲ್ಲರೂ ತಲೆದೂಗಿದರು. ಸಮುದ್ರವು ಎಡಗಡೆಯೇ ಇರತಕ್ಕದ್ದು ಎಂಬ ಸುತ್ತೋಲೆ ಅದೇ ವಾರ ಹೊರಟಿತು. ಸಾರ್ವಜನಿಕರಿಂದ ಈವರೆಗೆ ಯಾವ ಆಕ್ಷೇಪಣೆಯೂ ಬಂದಿರುವುದಿಲ್ಲ.