ಅತ್ತಿಬೆಲೆ ಹೋಳಿಗೆಗೆ ಹೊಸ ಚೈನು

ಬೈಕ್ ಹತ್ತಿ ನಾನು ಎಲ್ಲೆಲ್ಲೋ ತಿರುಗಿದ್ದೇನೆ. ಸ್ಪಿತಿಯ ಕಲ್ಲುದಾರಿಯಲ್ಲಾಗಲಿ, ವಿಯೆಟ್ನಾಮಿನ ಕೆಸರಿನಲ್ಲಾಗಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಆಗುವುದೆಲ್ಲ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೇ ಆಗುತ್ತದೆ. ಅದೂ ದಾವಣಗೆರೆಯಿಂದ ಅಮ್ಮ ಬಂದಿದ್ದಾಗಲೇ.

೧. ಪಂಥ

ಹೋದ ವಾರ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದೆ. ಹೊಸೂರು ರಸ್ತೆಯ ನಟ್ಟನಡುವೆ ಬೈಕಿನ ಚೈನು ಕಳಚಿ ಬಿತ್ತು. ಸುದ್ದಿ ಅತ್ತಿಬೆಲೆಯಲ್ಲಿರುವ ಚಿಕ್ಕಮ್ಮನಿಗೆ, ಎಂದರೆ ಅಮ್ಮನ ತಂಗಿಗೆ, ನಾವು ಮನೆ ಸೇರುವ ಮೊದಲೇ ತಲುಪಿತು.

"ಅಕ್ಕ, ಭಾನುವಾರ ಊಟಕ್ಕೆ ಬಾ. ಆ ಡಕೋಟಾ ಗಾಡೀಲಿ ಮಾತ್ರ ಬರ್ಬೇಡ, ದಾರೀಲೇ ರಾತ್ರಿ ಆಗುತ್ತೆ" ಎಂದಳು ಚಿಕ್ಕಮ್ಮ ಫೋನಿನಲ್ಲಿ.

ಅಮ್ಮನಿಗೆ ರೇಗಿತು. "ನನ್ನ ಮಗಳು ತಾನೇ ಬಿಚ್ಚಿ, ತಾನೇ ಜೋಡಿಸ್ತಾಳೆ. ಅದೇ ಗಾಡೀಲಿ ನಿನ್ನ ಬಾಗಿಲಿಗೆ ಬರ್ತೀವಿ, ನೋಡ್ತಿರು."

"ಹಂಗಾ? ಗಾಡೀಲಿ ಬಂದ್ರೆ ಶೇಂಗಾ ಹೋಳಿಗೆ. ಆಟೋದಲ್ಲಿ ಬಂದ್ರೆ ಉಪ್ಪಿಟ್ಟು."

ಅಮ್ಮ ಫೋನಿಟ್ಟು ನನ್ನ ಕಡೆ ತಿರುಗಿದಳು. "ಚೈನು ಹಾಕೋಕೆ ಬರುತ್ತೆ ಅಲ್ವೇನೆ ನಿಂಗೆ?"

ನಾನು ಒಮ್ಮೆ ಹನೋಯ್ ಹತ್ತಿರದ ಮೆಕ್ಯಾನಿಕ್ ಒಬ್ಬ ಚೈನು ಹಾಕುವುದನ್ನು ಚಹಾ ಕುಡಿಯುತ್ತ ನೋಡಿದ್ದೆ. ಆ ಚಹಾದ ರುಚಿ ಮಾತ್ರ ಚೆನ್ನಾಗಿ ನೆನಪಿತ್ತು. "ಬರುತ್ತಮ್ಮಾ" ಎಂದೆ.

೨. ಎಣ್ಣೆ-ನೀರು

ಶನಿವಾರ ಬೆಳಿಗ್ಗೆ ಡಬ್ಬಿ ತಂದೆ. ಒಳಗೆ ಹೊಸ ಚೈನು, ಮುಂದೆ ಕೂರುವ ಸಣ್ಣ ಹಲ್ಲಿನ ಚಕ್ರ, ಹಿಂದೆ ಕೂರುವ ದೊಡ್ಡ ಹಲ್ಲಿನ ಚಕ್ರ. ಈ ಹಲ್ಲಿನ ಚಕ್ರಗಳಿಗೆ ಸ್ಪ್ರಾಕೆಟ್ ಎನ್ನುತ್ತಾರೆ. ಮೂರನ್ನೂ ಒಟ್ಟಿಗೇ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯವೆರಡೂ ಸೇರಿ ಹೊಸದನ್ನು ತಿಂದುಹಾಕುತ್ತವೆ, ಕೂಡುಕುಟುಂಬಕ್ಕೆ ಹೊಸ ಸೊಸೆ ಬಂದ ಹಾಗೆ.

ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟು, ಗಾಡಿ ಒರೆಸಲು ಕೆಳಗೆ ಹೋದೆ. ಬರುವಷ್ಟರಲ್ಲಿ ಡಬ್ಬಿ ಖಾಲಿ. ಬಾಲ್ಕನಿಯ ಬಟ್ಟೆ ಹಗ್ಗದ ಮೇಲೆ ಚೈನು ನೇತಾಡುತ್ತಿತ್ತು, ನನ್ನ ದುಪಟ್ಟಾದ ಪಕ್ಕದಲ್ಲಿ. ಸ್ಪ್ರಾಕೆಟ್ ಎರಡೂ ಮೊರದಲ್ಲಿ ಫಳಫಳ ಹೊಳೆಯುತ್ತಿದ್ದವು. ಎರಡರ ಮೇಲೂ ಮೂರೆಳೆ ವಿಭೂತಿ.

"ಅಮ್ಮಾ, ಚೈನು ತೊಳೆದ್ಯಾ?"

"ಹೊಸ ಪಾತ್ರೆ ತಂದ್ರೆ ತೊಳೀದೆ ಒಲೆ ಮೇಲೆ ಇಡ್ತಾರೇನೆ? ಅದೇನ್ ಜಿಡ್ಡು ಅಂತೀನಿ. ಸಬೀನಾ ಹಾಕಿ ತಿಕ್ಕಿ ತಿಕ್ಕಿ ನನ್ನ ರಟ್ಟೆ ಬಿದ್ದೋಯ್ತು."

ಆ ಜಿಡ್ಡೇ ಚೈನಿನ ಜೀವ, ಕಾರ್ಖಾನೆಯವರು ಬೇಕೆಂದೇ ಹಚ್ಚಿ ಕಳಿಸಿರುತ್ತಾರೆ ಎಂದು ವಿವರಿಸಿದೆ. ಆಮೇಲೆ ತಲೆಗೂದಲು ಒಣಗಿಸುವ ಡ್ರೈಯರ್ ತಂದು ಚೈನಿನ ನೀರಾರಿಸಿ, ಒಂದೊಂದೇ ಕೊಂಡಿಗೆ ಗೇರ್ ಆಯಿಲ್ ಸವರುತ್ತ ಕೂತೆ.

ಅಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಎಣ್ಣೆ ಹಚ್ಚಿ ನೀರೆರೆಯೋದು ಗೊತ್ತು. ನೀರೆರೆದು ಎಣ್ಣೆ ಹಚ್ಚೋದನ್ನ ಇವತ್ತೇ ನೋಡಿದ್ದು."

೩. ಕಳುವಾದ ಚಕ್ರ

ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ಹಳೆಯ ಚೈನು ಕಳಚಿದೆ. ಹಿಂದಿನ ಚಕ್ರ ಬಿಚ್ಚಿದೆ. ಅಲ್ಲಿ ಬೆಳಕು ಸಾಲದೆ ಚಕ್ರವನ್ನು ಲಿಫ್ಟಿನಲ್ಲಿ ಮನೆಗೇ ಒಯ್ದು, ಬಾಲ್ಕನಿಯಲ್ಲಿ ಕೂತು ದೊಡ್ಡ ಸ್ಪ್ರಾಕೆಟ್ ಬದಲಿಸಿದೆ.

ಅಷ್ಟರಲ್ಲಿ ರಾಯಚೂರು ಕಡೆಯ ನಮ್ಮ ಸೆಕ್ಯುರಿಟಿಯವನು ಚಕ್ರವಿಲ್ಲದ ಗಾಡಿ ಕಂಡು ಗಾಬರಿಯಾಗಿದ್ದಾನೆ. ಓಡಿಹೋಗಿ ಅಸೋಸಿಯೇಷನ್ ಸೆಕ್ರೆಟರಿಗೆ ಹೇಳಿದ್ದಾನೆ. ಸೆಕ್ರೆಟರಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಯಾವುದನ್ನೂ ತಡಮಾಡುವವರಲ್ಲ. ವಾಟ್ಸಾಪ್ ಗ್ರೂಪಿಗೆ ಹಾಕಿಯೇಬಿಟ್ಟರು: 'ಕಳ್ಳರು ನುಗ್ಗಿದ್ದಾರೆ. ಎಲ್ಲರೂ ಕೆಳಗೆ ಬಂದು ತಂತಮ್ಮ ಚಕ್ರ ಎಣಿಸಿಕೊಳ್ಳಿ.'

ನನಗೆ ಇದೊಂದೂ ಗೊತ್ತಿಲ್ಲ. ಚಕ್ರ ಅಪ್ಪಿಕೊಂಡು ಕೆಳಗಿಳಿಯಲು ಲಿಫ್ಟ್ ಹತ್ತಿದೆ. ಕೆಳಗಿನ ಮಹಡಿಯಲ್ಲಿ ಸೆಕ್ರೆಟರಿ ಒಳಗೆ ಬಂದರು.

"ಮೇಡಂ, ನಿಮ್ಮನ್ನೇ ಹುಡುಕ್ತಿದ್ದೆ. ಸ್ವಲ್ಪ ಧೈರ್ಯ ತಗೊಳ್ಳಿ. ನಿಮ್ಮ ಗಾಡಿ ಹಿಂದಿನ ಚಕ್ರ ಕದ್ದುಬಿಟ್ಟಿದ್ದಾರೆ." ಆಮೇಲೆ ಗೋಡೆಗೆ ಸರಿದು, "ಅದನ್ನ ಒಂಚೂರು ಆ ಕಡೆ ಹಿಡ್ಕೊಳ್ಳಿ, ಪ್ಯಾಂಟಿಗೆ ಗ್ರೀಸ್ ತಾಗುತ್ತೆ" ಎಂದರು.

"ಸಾರ್, ಇದು ಅದೇ ಚಕ್ರ."

ಅವರು ಚಕ್ರ ನೋಡಿದರು, ನನ್ನನ್ನು ನೋಡಿದರು. ಜೇಬಿನಿಂದ ಫೋನು ತೆಗೆದರು. "ಹಂಗಾದ್ರೆ ಕಳ್ಳರು ಸಿಕ್ಕಿದ್ದಾರೆ ಅಂತ ಹಾಕ್ಬಿಡ್ಲಾ?"

೪. ಬೇಸ್‌ಮೆಂಟಿನಲ್ಲಿ ಸವಾರಿ

ಉಳಿದಿದ್ದು ಮುಂದಿನ ಸಣ್ಣ ಸ್ಪ್ರಾಕೆಟ್. ಅದರ ನಟ್ಟಿಗೆ ಪಾನಾ ಹಾಕಿ ತಿರುಗಿಸಿದರೆ ನಟ್ಟಿನ ಜೊತೆ ಸ್ಪ್ರಾಕೆಟ್ಟೂ ತಿರುಗುತ್ತದೆ. ಅದು ಅಲುಗದಂತೆ ನಿಲ್ಲಬೇಕಾದರೆ ಚೈನಿರಬೇಕು, ಹಿಂದಿನ ಚಕ್ರವಿರಬೇಕು, ಬ್ರೇಕ್ ಒತ್ತಿರಬೇಕು. ನಾನು ಎಲ್ಲವನ್ನೂ ಬಿಚ್ಚಿ ಕೂತಿದ್ದೆ.

ಲಿಫ್ಟಿನಿಂದ ನನ್ನ ಜೊತೆಗೇ ಇಳಿದು, ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದ ಸೆಕ್ರೆಟರಿ ಅಂದರು: "ಮೊದಲು ಈ ನಟ್ಟು ಸಡಿಲ ಮಾಡಿ, ಆಮೇಲೆ ಚಕ್ರ ಬಿಚ್ಚಬೇಕಿತ್ತು."

"ಇಷ್ಟು ಹೊತ್ತು ಒದ್ದಾಡ್ತಿದ್ನಲ್ಲ, ಆಗಲೇ ಹೇಳ್ಬಾರ್ದಿತ್ತಾ ಸಾರ್?"

"ನೀವು ಫಾರಿನ್ ಎಲ್ಲ ತಿರುಗಿದವರು. ಅಲ್ಲಿ ಹಿಂಗೇ ಮಾಡ್ತಾರೇನೋ ಅಂದ್ಕೊಂಡೆ."

ಚಕ್ರ ಮತ್ತೆ ಕೂರಿಸಿದೆ, ಹಳೆಯ ಚೈನು ಮತ್ತೆ ಸುತ್ತಿದೆ. ಬ್ರೇಕ್ ಒತ್ತಲು ಅಮ್ಮನನ್ನೇ ಕರೆದೆ. ಅಮ್ಮ ಸೆರಗು ಸಿಕ್ಕಿಸಿ, ಸೀರೆ ಎತ್ತಿಕಟ್ಟಿ, ಹ್ಯಾಂಡಲ್ ಹಿಡಿದು ಕೂತು, 'ಶಿವಾ' ಎಂದು ಬ್ರೇಕ್ ಮೇಲೆ ಕಾಲೂರಿದಳು. ನಾನು ಗಾಡಿಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಪಾನಾ ಜಗ್ಗತೊಡಗಿದೆ.

ರೌಂಡ್ಸಿಗೆ ಬಂದ ಸೆಕ್ಯುರಿಟಿಗೆ ಕಂಡಿದ್ದು ಅಮ್ಮ ಮಾತ್ರ. "ಎಲ್ಲಿಗೆ ಹೊಂಟೀರಿ ಅಮ್ಮಾರ?"

"ಅತ್ತಿಬೆಲೆಗಪ್ಪಾ."

ಅವನು ಇಡೀ ಬೇಸ್‌ಮೆಂಟ್ ಸುತ್ತಿ ಬಂದ. ನಟ್ಟು ಇನ್ನೂ ಅಲುಗಿರಲಿಲ್ಲ. ಅಮ್ಮನೂ.

"ಇನ್ನೂ ಹೋಗಿಲ್ಲೇನ್ರಿ?"

"ಎಲ್ಲಪ್ಪಾ, ಈ ಟ್ರಾಫಿಕ್ಕಲ್ಲಿ" ಎಂದಳು ಅಮ್ಮ.

೫. ಅತ್ತಿಬೆಲೆ

ಸಂಜೆಗೆ ಎಲ್ಲ ಮುಗಿಯಿತು. ಭಾನುವಾರ ಊಟದ ಹೊತ್ತಿಗೆ ಸರಿಯಾಗಿ ಚಿಕ್ಕಮ್ಮನ ಗೇಟಿನ ಮುಂದೆ ಹಾರ್ನ್ ಹೊಡೆದೆವು. ಗಾಡಿ ಕಿರ್ ಅನ್ನಲಿಲ್ಲ, ಕಟ್ ಅನ್ನಲಿಲ್ಲ. ಚಿಕ್ಕಮ್ಮ ಆಚೆ ಬಂದು ಗಾಡಿಯನ್ನೂ ಅಕ್ಕನನ್ನೂ ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ಹೋಳಿಗೆಗೆ ಒಲೆ ಹಚ್ಚಿದಳು. ಅಮ್ಮ ಅವತ್ತು ಹಾಕಿಸಿಕೊಂಡ ತುಪ್ಪವನ್ನು ಸವರಿದ್ದರೆ ನನ್ನ ಚೈನಿಗೆ ಒಂದು ವರ್ಷ ಎಣ್ಣೆ ಬೇಕಾಗುತ್ತಿರಲಿಲ್ಲ.

ಊಟವಾದ ಮೇಲೆ ಚಿಕ್ಕಮ್ಮ ಪೂರ್ತಿ ಸೋತಳು. "ನಂಗೂ ಒಂದು ರೌಂಡ್ ಹೊಡ್ಸೇ" ಎಂದು ಬಂದು ನನ್ನ ಹಿಂದೆ ಕೂತಳು. ಅಮ್ಮ ಜಗಲಿಯ ಮೇಲೆ ಕೂತು, ಅಡಿಕೆಗೆಂದು ಪರ್ಸ್ ತಡಕಿದಳು. ಅಡಿಕೆಯ ಜೊತೆ ಕಬ್ಬಿಣದ ಬಳೆಯಂಥ ಒಂದು ವಾಷರ್ ಬಂತು.

"ಅಂದಹಾಗೆ, ಇದು ನಿನ್ನೆ ಗಾಡಿ ಕೆಳಗೆ ಬಿದ್ದಿತ್ತು."

ಹಿಂದಿನ ಸೀಟು ಹಗುರಾಯಿತು. ತಿರುಗಿ ನೋಡಿದರೆ ಚಿಕ್ಕಮ್ಮ ಆಗಲೇ ಗೇಟಿನ ಒಳಗಿದ್ದಳು.

"ನಿನ್ನೇನೇ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮತ್ತೆ ಎಲ್ಲಾ ಬಿಚ್ಕೊಂಡು ಕೂರ್ತಿದ್ದೆ. ಆಟೋ ಹಿಡೀಬೇಕಾಗ್ತಿತ್ತು. ಉಪ್ಪಿಟ್ಟು."

ವಾಷರ್ ಇಸಿದುಕೊಂಡು ತಿರುಗಿಸಿ ನೋಡಿದೆ. ಅದು ಮುಂದಿನ ನಟ್ಟಿನ ಹಳೆಯ ವಾಷರ್. ಹೊಸದು ಸಣ್ಣ ಸ್ಪ್ರಾಕೆಟ್ಟಿನ ಜೊತೆಗೇ ಡಬ್ಬಿಯಲ್ಲಿ ಬಂದಿತ್ತು, ಹಾಕಿಯೂ ಆಗಿತ್ತು. ಹಾಗೆಂದು ಇಬ್ಬರಿಗೂ ಬಿಡಿಸಿ ಹೇಳಿದೆ. ಇಬ್ಬರೂ ತಲೆಯಾಡಿಸಿದರು.

ಹೊರಡುವಾಗ ಗಾಡಿ ಸ್ಟಾರ್ಟ್ ಮಾಡಿ "ಹತ್ತಮ್ಮಾ" ಎಂದೆ. ಅಮ್ಮ ಚಪ್ಪಲಿ ಮೆಟ್ಟಿ ಬಸ್ ಸ್ಟಾಪಿನ ಕಡೆ ಹೊರಟಿದ್ದಳು.

"ಅಲ್ಲಮ್ಮಾ, ಇದನ್ನ ಪರ್ಸಲ್ಲಿ ಇಟ್ಕೊಂಡೇ ಅಷ್ಟು ದೂರ ನನ್ನ ಹಿಂದೆ ಕೂತು ಬಂದ್ಯಲ್ಲ?"

ಅಮ್ಮ ನಿಲ್ಲಲೂ ಇಲ್ಲ. "ಬರೋವಾಗ ಹೋಳಿಗೆ ಇತ್ತು ಕಣೇ. ಮನೇಲಿ ಏನಿದೆ, ನಿನ್ನೆ ಸಾರು."