ಭಾವನ ಎಂಜಿನ್ನು

ನನ್ನ ಭಾವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಇದು ಹೊನ್ನಾವರದಲ್ಲಿ ಎಲ್ಲರಿಗೂ ಗೊತ್ತು; ಗೊತ್ತಿಲ್ಲದವರಿಗೆ ಭಾವನೇ ಹೇಳಿರುತ್ತಾರೆ. ನನಗೆ ಹೆಣ್ಣು ನೋಡಲು ಶಿರಾಲಿಗೆ ಹೋಗುವ ಸಂಗತಿ ಯಾರ ಕಿವಿಗೂ ಬೀಳಬಾರದು ಎಂದು ನನ್ನ ಆಯಿ ಅವರಿಗೆ ಮೂರು ಸಲ ಹೇಳಿದ್ದಳು. ನಾವು ಬಸ್ಸು ಹತ್ತಿ ಕೂತರೆ ಕಂಡಕ್ಟರು ಟಿಕೆಟ್ ಹರಿಯುತ್ತ, "ಹುಡುಗಿ ಮನಿಗೆ ಈ ಸ್ಟಾಪು ದೂರ ಆತದೆ, ಮುಂದಿನದ್ರಲ್ಲಿ ಇಳೀರಿ" ಎಂದ. ಇಂಥ ಮನುಷ್ಯ ತನ್ನ ಬಾಳಿನ ಒಳ್ಳೆಯ ವರ್ಷಗಳನ್ನೆಲ್ಲ ಯಾವುದಕ್ಕೆ ಸುರಿದರು ಗೊತ್ತೇ? ಗುಟ್ಟು ಕಾಯುವ ಯಂತ್ರಕ್ಕೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಟ್ಟ ಬೋರ್ಡುಗಳನ್ನು ರಿಪೇರಿ ಮಾಡುವ ಕೆಲಸ ಅವರದು. ನನ್ನದು ಕುಮಟೆಯಲ್ಲಿ ಟೈಪಿಂಗ್ ಕ್ಲಾಸು. ಎರಡು ಸಾವಿರದ ಇಸವಿ ಬರುವ ಹೊತ್ತಿಗೆ ನಾನು ಟೈಪ್‌ರೈಟರುಗಳನ್ನೆಲ್ಲ ಗೋಡೆಗೆ ಸರಿಸಿ ನಾಲ್ಕು ಕಂಪ್ಯೂಟರು, ಒಂದು ಇಂಟರ್ನೆಟ್ಟು ಇಟ್ಟುಕೊಂಡಿದ್ದೆ. ಆ ಇಂಟರ್ನೆಟ್ಟೇ ನನಗೆ ಮುಳುವಾಯಿತು. ಪ್ರತಿ ಶನಿವಾರ ಭಾವ ಹೊನ್ನಾವರದಿಂದ ಬಸ್ಸಿನಲ್ಲಿ ಬಂದಿಳಿಯುವರು. ಅಂಗಿಯ ಕಿಸೆಯಲ್ಲಿ, ತೊಳೆದು ಒಣಗಿಸಿದ ಹಾಲಿನ ಪ್ಲಾಸ್ಟಿಕ್ ಕೊಟ್ಟೆಯೊಳಗೆ, ಒಂದು ಫ್ಲಾಪಿ. ನನ್ನ ವಿದ್ಯಾರ್ಥಿಗಳನ್ನು ಎಬ್ಬಿಸಿ ಅವರ ಕುರ್ಚಿಯಲ್ಲಿ ಕೂತರೆಂದರೆ ಆ ದಿನದ ಕ್ಲಾಸು ಮುಗಿಯಿತು ಎಂದೇ ಲೆಕ್ಕ.

ಅವರ ಹುಚ್ಚು ಏನೆಂದು ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಕಳಿಸುವ ಮಾತನ್ನು ನಡುವೆ ಯಾರೂ ಓದದಂತೆ ಮಾಡುವುದಕ್ಕೆ ಒಂದು ಲೈಬ್ರರಿ ಇದೆಯಂತೆ. ಲೈಬ್ರರಿ ಎಂದರೆ ಪುಸ್ತಕದ್ದಲ್ಲ, ಪ್ರೋಗ್ರಾಮುಗಳದ್ದು. ದೇಶವಿದೇಶದ ಯಾರುಯಾರೋ ಸೇರಿ ಪುಕ್ಕಟೆ ಬರೆದದ್ದು. ಯಾರು ಬೇಕಾದರೂ ಒಯ್ಯಬಹುದು, ಯಾರು ಬೇಕಾದರೂ ಏನಾದರೂ ಹೊಸದು ಬರೆದು ಕಳಿಸಬಹುದು. ಸೇರಿಸಿಕೊಳ್ಳುವುದು ಬಿಡುವುದು ಅಲ್ಲಿಯ ಹಿರಿಯರಿಗೆ ಬಿಟ್ಟದ್ದು. ಗುಟ್ಟು ಮುಚ್ಚಿಡಲು ಆ ಲೈಬ್ರರಿ ದೊಡ್ಡ ದೊಡ್ಡ ಗುಣಾಕಾರ ಮಾಡಬೇಕು. ಮದುವೆ ಮನೆಯ ಅಡುಗೆಯಲ್ಲಿ ಭಟ್ಟರು ಒಗ್ಗರಣೆ ನೋಡಿಕೊಳ್ಳುತ್ತಾರೆ, ಕಾಯಿ ತುರಿಯಲು ಬೇರೆಯವರನ್ನು ಕೂರಿಸುತ್ತಾರಲ್ಲ, ಹಾಗೆ ಈ ಗುಣಾಕಾರವನ್ನಷ್ಟೇ ಮಾಡುವ ಒಂದು ಕಾರ್ಡನ್ನು ಭಾವ ಕೈಯಾರೆ ಬೆಸುಗೆ ಹಾಕಿ ಮಾಡಿದ್ದರು. ಕಾಯಿ ತುರಿಯುವವ ಹಿತ್ತಲಲ್ಲಿ ಕೂತಿದ್ದಾನೆಂದು ಭಟ್ಟರಿಗೆ ತಿಳಿಯಬೇಡವೇ? ಅದನ್ನು ತಿಳಿಸುವ ಪ್ರೋಗ್ರಾಮಿಗೆ ಎಂಜಿನ್ ಎಂದು ಹೆಸರು. ಆ ಎಂಜಿನ್ನು ಲೈಬ್ರರಿಯೊಳಗೆ ಸೇರಬೇಕು ಎಂಬುದು ಅವರ ಹಟ.

"ಮುಚ್ಚಿಡುವಂಥದ್ದು ನಿಮಗೆ ಎಂತ ಇದ್ದು ಭಾವ?" ಎಂದು ಒಮ್ಮೆ ಕೇಳಿದೆ.

"ನಂಗೆ ಎಂತದೂ ಇಲ್ಲೆ. ಇದ್ದವಕ್ಕೆ ಬೇಡದಾ?" ಎಂದರು.

ಇಂಥವರ ಜೊತೆ ಯಾರು ವಾದ ಮಾಡುತ್ತಾರೆ?

ಕಾರ್ಡಿಗೆ ಬೇಕಾದ ಚಿಪ್ಪು ಬರುತ್ತಿದ್ದುದು ಭಟ್ಕಳದಿಂದ. ಅಲ್ಲಿಯ ಪೇಟೆಯಲ್ಲಿ ಫಾರಿನ್ ಸಾಮಾನಿನ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ಭಾವನ ಗೆಳೆಯರು. ಪಕ್ಕದ ಜಾಲಿ ಊರಿನವನಾದ ಅವರ ಅಳಿಯ ದುಬೈಯಿಂದ ರಜೆಗೆ ಬರುವಾಗ ಖರ್ಜೂರದ ಡಬ್ಬಿಗಳ ನಡುವೆ ಭಾವನ ಚಿಪ್ಪನ್ನೂ ಇಟ್ಟು ತರುತ್ತಿದ್ದ. ಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಎಲ್ಲರೂ ಅಲ್ಲಿಂದ ಸೆಂಟು ತರಿಸ್ತಾರೆ, ಕಂಬಳಿ ತರಿಸ್ತಾರೆ. ನೀವು ಮಾತ್ರ ಈ ಜಿರಳೆ ತರಿಸ್ತೀರಲ್ಲ ಇಂಜಿನಿಯರ್ ಸಾಹೇಬ್ರೆ" ಎನ್ನುವರು. ಮೂವತ್ತೆರಡು ಕಾಲಿನ ಆ ಜಿರಳೆಯನ್ನು ಭಾವ ಹತ್ತಿಯಲ್ಲಿ ಸುತ್ತಿ, ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊನ್ನಾವರಕ್ಕೆ ತರುತ್ತಿದ್ದರು. ಭಾವ ಕಾರ್ಡು ಸಿಕ್ಕಿಸುತ್ತಿದ್ದ ಮನೆಯ ಕಂಪ್ಯೂಟರ್ ಡಬ್ಬಿ ಮನೆ ಬಿಟ್ಟು ಹೋದರೆ ಪಂಚಕಜ್ಜಾಯ ಮಾಡಿಸುತ್ತೇನೆಂದು ಅಕ್ಕ ಇಡಗುಂಜಿ ಗಣಪತಿಗೆ ಹೇಳಿಕೊಂಡಿದ್ದಳು.

ಒಂದೂವರೆ ವರ್ಷ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೊಂದು ಶನಿವಾರ ಭಾವ ಸ್ನಾನ ಮಾಡಿ, ಮಡಿಪಂಚೆ ಉಟ್ಟು ನನ್ನ ಕ್ಲಾಸಿಗೆ ಬಂದರು. ಎಂಜಿನ್ನನ್ನು ಹಿರಿಯರಿಗೆ ಕಳಿಸಿದರು. ಹತ್ತು ದಿನಕ್ಕೆ ಉತ್ತರ ಬಂತು: "ಮೊದಲನೆಯ ಸಾಲಿನಲ್ಲೇ ತಪ್ಪಿದೆ. ಕಳಿಸುವ ಮುಂಚೆ ಒಮ್ಮೆಯಾದರೂ ಓಡಿಸಿ ನೋಡಿದ್ದೀರಾ?"

ಭಾವ ಅದನ್ನು ಎರಡು ಸಲ ಓದಿದರು. ಓಡಿಸಿ ನೋಡಿದ್ದೀರಾ ಎಂದರೆ? ಮನೆಯಲ್ಲಿ ನೂರು ಸಲ ಓಡಿಸಿದ್ದರು! ನಾನು ಕಡತ ತೆರೆದು ನೋಡಿದೆ. ಮೊದಲನೆಯ ಸಾಲಿನಲ್ಲಿ, ನಟ್ಟನಡುವೆ, ಇಂಗ್ಲಿಷ್ ಅಕ್ಷರದಲ್ಲಿ 'ಶ್ರೀ' ಎಂದು ಬರೆದಿತ್ತು.

"ಇದು ಎಂತದು ಭಾವ?"

"ಕಳಿಸುವ ಮೊದಲು ಹಾಕಿದೆ. ಕಾಗದದ ತಲೆ ಮೇಲೆ ಶ್ರೀ ಇಲ್ಲದೆ ನಾನು ಕರೆಂಟ್ ಆಫೀಸಿಗೂ ಬರೆದವ ಅಲ್ಲ."

ಯಂತ್ರಕ್ಕೆ ಗೊತ್ತಿಲ್ಲದ ಒಂದು ಶಬ್ದ ಕಂಡರೂ ಅದು ಅಲ್ಲೇ ಕೂತುಬಿಡುತ್ತದೆ, ಮುಂದೆ ಓದುವುದಿಲ್ಲ. ಒಂದೂವರೆ ವರ್ಷದ ಕೆಲಸ ಹಾಗೆ ಮೊದಲ ಸಾಲಿನಲ್ಲೇ ಕೂತಿತ್ತು. ನಾನು ತಲೆ ಚಚ್ಚಿಕೊಂಡು, ಅದನ್ನು ಅಳಿಸಿಬಿಡಿ ಎಂದೆ. ಆಗದು ಎಂದರು. ಹಾಗಾದರೆ ಆಚೀಚೆ ಗೆರೆ, ನಕ್ಷತ್ರ ಹಾಕಿ ಅದರೊಳಗಿಡಿ, ಅದರೊಳಗಿದ್ದದ್ದನ್ನು ಯಂತ್ರ ಓದದೆ ದಾಟಿ ಹೋಗುತ್ತದೆ ಎಂದೆ. ಅದಂತೂ ಅವರಿಗೆ ಇನ್ನೂ ದೊಡ್ಡ ಅಪಚಾರವಾಗಿ ಕಂಡಿತು. "ಯಾರೂ ಓದದ ಜಾಗದಲ್ಲಿ ದೇವರನ್ನ ಕೂರಿಸುದಾ?" ಎಂದು ಹದಿನೈದು ದಿನ ಎಂಜಿನ್ನನ್ನು ಮುಟ್ಟಲಿಲ್ಲ. ಕಡೆಗೆ ಅಕ್ಕ ದೋಸೆ ಹೊಯ್ಯುತ್ತ, "ನಮ್ಮನೆ ದೇವರೂ ಒಳಗೇ ಇದ್ದ. ಬಾಗಿಲ ಹೊರಗೆ ನಿಂತ್ಕಂಡಿದ್ನಾ?" ಎಂದಳು. ಭಾವ ದೋಸೆ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ನಕ್ಷತ್ರ ಹಾಕಿದರು.

ಇಷ್ಟಾಗಿದ್ದರೆ ನಗುತ್ತ ಇದ್ದುಬಿಡಬಹುದಿತ್ತು. ಆ ಮಳೆಗಾಲದಲ್ಲೇ ಭಾವ ಹೊಸ್ತಿಲು ಎಡವಿದರು, ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟರು. ಕಣ್ಣಿನ ಡಾಕ್ಟರು ಒಳಗೆ ಒತ್ತಡ ಹೆಚ್ಚಿ ನರ ಒಣಗುತ್ತಿದೆ ಎಂದರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಆದಷ್ಟು ದಿನ ಹಿಡಿದಿಡೋಣ ಎಂದರು. ಭಾವ ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ: "ಸಣ್ಣ ಅಕ್ಷರ ಇನ್ನೆಷ್ಟು ದಿನ ಕಾಣ್ತದೆ?"

ಬರುವಾಗ ಬಸ್ಸಿನಲ್ಲಿ ನನಗೆ ಹೇಳಿದರು. "ಇಷ್ಟು ವರ್ಷ ಬೇರೆಯವರು ಮಾಡಿದ ಬೋರ್ಡನ್ನ ರಿಪೇರಿ ಮಾಡಿದ್ದೇ ಆತು. ಒಂದು ನಾನೇ ಮಾಡಿದ್ದು ಇರಲಿ ಹೇಳಿ ಆಸೆ. ಅಲ್ಲಿ ಒಂದು ಸಲ ಒಳಗೆ ಸೇರಿದ್ರೆ, ನಂಗೆ ಕಾಣದೆ ಹೋದ್ರೂ ಅದು ಅಲ್ಲಿರ್ತು." ನಾನು ಹನಿಯ ಬಾಟಲಿಯ ಮೇಲಿನ ಸಣ್ಣ ಅಕ್ಷರವನ್ನು ಅವರಿಗೆ ಓದಿ ಹೇಳಿದೆ.

ಅಲ್ಲಿಂದ ಮುಂದೆ ಅಕ್ಕನ ಪಾಡು ಯಾರಿಗೂ ಬೇಡ. ಭಾವ ಕಣ್ಣು ಮುಚ್ಚಿ ಕೂರುವುದು, ಅಕ್ಕ ಕನ್ನಡಕ ಏರಿಸಿ ಪ್ರೋಗ್ರಾಮು ಓದಿ ಹೇಳುವುದು. ಅವಳು ಕಲಿತದ್ದು ಹತ್ತನೆಯ ಇಯತ್ತೆ. ಕಂಪ್ಯೂಟರಿನ ಚಿಹ್ನೆಗಳಿಗೆ ತನ್ನದೇ ಹೆಸರು ಇಟ್ಟುಕೊಂಡಳು. ಸುರುಳಿ ಕಂಸಕ್ಕೆ ಮೀಸೆ, ಅರ್ಧವಿರಾಮಕ್ಕೆ ಬಾಲದ ಚುಕ್ಕಿ. "ಮೀಸೆ ತೆರತ್ತು… ಬಾಲದ ಚುಕ್ಕಿ… ಮತ್ತೊಂದು ಮೀಸೆ ತೆರತ್ತು…" ಎಂದು ರಾಗವಾಗಿ ಓದುವಳು. ಪಕ್ಕದ ಮನೆಯವರು ಇದು ಯಾವ ಪುರಾಣ ಎಂದು ವಿಚಾರಿಸಿದರು. ಎರಡು ಸಲ ಹಾಲು ಉಕ್ಕಿತು, ಒಮ್ಮೆ ಅನ್ನ ತಳ ಹಿಡಿಯಿತು. ಒಂದು ದಿನ ಅವಳೇ ಓದು ನಿಲ್ಲಿಸಿ, "ಇಲ್ಲಿ ಮೂರು ಮೀಸೆ ತೆರೆದದ್ದು, ಎರಡೇ ಮುಚ್ಚಿದ್ದು. ನೀವು ಎಂತ ಬರದ್ದಿ?" ಎಂದು ಗಂಡನನ್ನು ಗದರಿದಳು. ಹೌದು, ತಪ್ಪಿತ್ತು. ನಾನೂ ಅದನ್ನು ಎರಡು ವಾರ ಹುಡುಕಿದ್ದೆ.

ಹೀಗೆ ತಿದ್ದಿದ ಎಂಜಿನ್ನು ಮತ್ತೆ ಹೋಯಿತು. ಈ ಸಲ ಹಿರಿಯರಿಗೆ ತಪ್ಪು ಸಿಕ್ಕಲಿಲ್ಲ. ಅವರು ಒಂದೇ ಮಾತು ಕೇಳಿದರು: ಈ ಕಾರ್ಡು ಬಳಸುವವರು ಎಷ್ಟು ಜನ? ಬೇರೆ ಯಾರೇ ಆಗಿದ್ದರೂ ನೂರಿನ್ನೂರು ಎಂದು ಬರೆಯುತ್ತಿದ್ದರು. ನಾನಂತೂ ಬರೆಯುತ್ತಿದ್ದೆ. ಭಾವ 'ಒಬ್ಬ' ಎಂದು ಬರೆಸಿದರು. ಒಬ್ಬರಿಗಾಗಿ ಸೇರಿಸಲಾಗದು ಎಂದು ಉತ್ತರ ಬಂತು.

ಅಲ್ಲಿಗೆ ಬಿಟ್ಟರೇ? ಮತ್ತೆ ಭಟ್ಕಳಕ್ಕೆ ಹೋದರು. ಮತ್ತೆ ಜಿರಳೆ ಬಂತು, ಮೂರು. ಆಗ ಅವರಿಗೆ ಕಾಣುತ್ತಿದ್ದುದು ಕೊಳವೆಯೊಳಗಿಂದ ನೋಡಿದಷ್ಟು. ಬೆಸುಗೆ ಕಡ್ಡಿಯಿಂದ ಬೆರಳು ಸುಟ್ಟುಕೊಂಡು, ಭೂತಗನ್ನಡಿ ಹಿಡಿದು, ಒಂದು ವರ್ಷ ಕೂತು ಮೂರು ಕಾರ್ಡು ಮಾಡಿದರು. ಒಂದನ್ನು ಭಟ್ಕಳದ ಸಾಹೇಬರಿಗೆ ಕೊಟ್ಟರು, ಒಂದನ್ನು ಹೊನ್ನಾವರದ ಕಾಲೇಜಿನ ಲೆಕ್ಚರರೊಬ್ಬರಿಗೆ, ಒಂದನ್ನು ನನಗೆ. "ಹಾಕಿ ನೋಡು ಮಾರಾಯಾ" ಎಂದರು.

ಹಾಕುವುದು ಎಲ್ಲಿ? ಅಷ್ಟರಲ್ಲಿ ನಾನು ಕ್ಲಾಸಿಗೆ ಹೊಸ ಕಂಪ್ಯೂಟರು ತಂದಿದ್ದೆ. ಭಾವನ ಕಾರ್ಡಿಗೆ ಬೇಕಾದ ಉದ್ದನೆಯ ಕಪ್ಪು ಸ್ಲಾಟು ಹೊಸದರಲ್ಲಿ ಇರಲೇ ಇಲ್ಲ. ಅಂಥದ್ದನ್ನು ಮಾಡುವುದನ್ನೇ ನಿಲ್ಲಿಸಿದ್ದರು. ಇನ್ನೂ ಹೊಟ್ಟೆ ಉರಿಯುವ ಸಂಗತಿಯೆಂದರೆ, ಭಾವನ ಕಾರ್ಡು ಮಾಡುವ ಗುಣಾಕಾರವನ್ನು ಹೊಸ ಕಂಪ್ಯೂಟರು ಯಾರ ಸಹಾಯವೂ ಇಲ್ಲದೆ ಅದಕ್ಕಿಂತ ಎಷ್ಟೋ ಬೇಗ ಮಾಡಿ ಮುಗಿಸುತ್ತಿತ್ತು. ಭಟ್ಟರಿಗೇ ಹತ್ತು ಕೈ ಬಂದ ಮೇಲೆ ಕಾಯಿ ತುರಿಯುವವನನ್ನು ಯಾರು ಕೇಳುತ್ತಾರೆ? ಇದು ಭಾವನಿಗೆ ಗೊತ್ತಿಲ್ಲ ಎಂದುಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದೆ. ಗೊತ್ತಿತ್ತಂತೆ. "ಬೇಗ ಆಗ್ತು, ಗೊತ್ತಿದ್ದು. ಬೇಗದ ಮಾತು ನಾನು ಯಾವಾಗ್ಲೋ ಬಿಟ್ಟಾತು" ಎಂದರು.

ಮೊದಮೊದಲು ಸಿಕ್ಕಾಗಲೆಲ್ಲ "ಹಾಕಿದ್ಯಾ?" ಎಂದು ಕೇಳುತ್ತಿದ್ದರು. ನಾನು ಪರೀಕ್ಷೆ ಇತ್ತು, ಕರೆಂಟು ಇರಲಿಲ್ಲ, ಮುಂದಿನ ವಾರ ನೋಡುವಾ ಎನ್ನುತ್ತಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟರು. ಶನಿವಾರ ಕುಮಟೆಗೆ ಬರುವುದೂ ನಿಂತಿತು. ಬಸ್ಸಿನ ಬೋರ್ಡು ಓದಲು ಆಗುತ್ತಿರಲಿಲ್ಲ. ಶನಿವಾರಗಳು ನನಗೆ ಆರಾಮಾದವು. ಆ ಆರಾಮು ನನಗೆ ಹಿತವಾಗಲಿಲ್ಲ ಎಂದು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ.

ಒಂದು ದಿನ ಭಟ್ಕಳಕ್ಕೆ ಹೋಗಿ ಸಾಹೇಬರನ್ನು ಹಳೆಯ ಕಂಪ್ಯೂಟರ್ ಇದೆಯೇ ಎಂದು ಕೇಳಿದೆ. ಅವರು ಗೋದಾಮು ತೆಗೆಸಿದರು. ಕೆಟ್ಟ ಮಿಕ್ಸರುಗಳ ಹಿಂದೆ ಒಂದಿತ್ತು, ಹಲ್ಲಿ ಮೊಟ್ಟೆ ಸಮೇತ. ಅವರ ಪಾಲಿನ ಕಾರ್ಡು ಅಂಗಡಿಯ ಗಾಜಿನ ಕಪಾಟಿನಲ್ಲಿ ಸೆಂಟಿನ ಬಾಟಲಿಗಳ ಪಕ್ಕದಲ್ಲಿತ್ತು. "ನಮಗೆ ಅದನ್ನು ಹಾಕುಕೆ ಬರುದಿಲ್ಲ. ಆದ್ರೆ ಧೂಳು ಕೂರುಕೆ ಬಿಡುದಿಲ್ಲ" ಎಂದರು. ಆ ಹಳೆಯ ಡಬ್ಬಿಯನ್ನು ಬಸ್ಸಿನ ಮೇಲೆ ಹೇರಿಸಿ ಕುಮಟೆಗೆ ತಂದೆ. ಕಾರ್ಡು ಸಿಕ್ಕಿಸಿ ಎಂಜಿನ್ನು ಓಡಿಸಲು ನನಗೆ ಎರಡು ತಿಂಗಳು ಹಿಡಿಯಿತು. ಓಡಿತು. ತಪ್ಪಿಲ್ಲದೆ ಓಡಿತು. ನಾನೇ ಹಿರಿಯರಿಗೆ ಬರೆದೆ: ಈ ಕಾರ್ಡು ನನ್ನಲ್ಲಿಯೂ ಇದೆ, ದಿನಾ ಬಳಸುತ್ತಿದ್ದೇನೆ, ದಯವಿಟ್ಟು ಸೇರಿಸಿಕೊಳ್ಳಿ. ಭಾವನಿಗೆ ಹೇಳಲಿಲ್ಲ. ಇಷ್ಟು ವರ್ಷ ಗೇಲಿ ಮಾಡಿದ ಬಾಯಲ್ಲಿ ಹೇಗೆ ಹೇಳಲಿ? ಸೇರಿದರೆ ಹೇಳೋಣ ಎಂದುಕೊಂಡೆ.

ಉತ್ತರ ಭಾವನ ಇಮೇಲ್ ವಿಳಾಸಕ್ಕೇ ಬಂತು; ಈಗ ಅದನ್ನು ತೆರೆದು ನೋಡುತ್ತಿದ್ದವ ನಾನೇ. ನಾನು ಅದನ್ನು ಮುದ್ರಿಸಿಕೊಂಡು ಹೊನ್ನಾವರಕ್ಕೆ ಹೋದೆ. ಭಾವ ಜಗಲಿಯಲ್ಲಿ ಕೂತಿದ್ದರು. ಅವರಿಗೀಗ ಬೆಳಕು, ನೆರಳು ಇಷ್ಟೇ ಗೊತ್ತಾಗುತ್ತಿತ್ತು. ಅಕ್ಕ ಪಕ್ಕದಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು. ಸುಳ್ಳು ಓದಿಬಿಡಲೇ ಎಂದು ಬಸ್ಸಿನುದ್ದಕ್ಕೂ ಯೋಚಿಸಿದ್ದೆ. ಅಕ್ಕನ ಮುಖ ನೋಡಿದ ಮೇಲೆ ಇದ್ದದ್ದನ್ನೇ ಕನ್ನಡದಲ್ಲಿ ಓದಿದೆ.

"ನಿಮ್ಮ ಕೆಲಸ ಅಚ್ಚುಕಟ್ಟಾಗಿದೆ. ಆದರೆ ಜಗತ್ತಿನಲ್ಲಿ ಇದನ್ನು ಬಳಸುವವರು ಇಬ್ಬರೇ. ಇಬ್ಬರಿಗಾಗಿ ಇದನ್ನು ಲೈಬ್ರರಿಯಲ್ಲಿಟ್ಟು ನೋಡಿಕೊಳ್ಳುವುದು ನಮ್ಮಿಂದಾಗದು. ಇದು ನಮ್ಮ ಕೊನೆಯ ತೀರ್ಮಾನ. ಕ್ಷಮಿಸಿ."

ಭಾವ ನನ್ನತ್ತ ಕಿವಿ ತಿರುಗಿಸಿದರು. "ಇನ್ನೊಂದು ಸಲ ಓದು" ಎಂದರು. ಓದಿದೆ.

"ಅದರಲ್ಲಿ ಇಬ್ರು ಹೇಳಿ ಇದ್ದಾ?"

"ಇದ್ದು ಭಾವ."

"ಒಬ್ಬ ನಾನು. ಇನ್ನೊಬ್ಬ ಯಾರು?" ಅವರ ದನಿ ಬದಲಾಗಿತ್ತು. "ಭಟ್ಕಳದ ಸಾಹೇಬರಾ?"

"ಅಲ್ಲ."

"ಹಾಗಾರೆ ಲೆಕ್ಚರರು?"

"ಅಲ್ಲ ಭಾವ."

ಭಾವನ ಊಹೆ ಅಲ್ಲಿಗೆ ಮುಗಿಯಿತು. ಮೂರು ಕಾರ್ಡು ಹಂಚಿದ ಮನುಷ್ಯ ಎರಡು ಹೆಸರು ಹೇಳಿ ನಿಲ್ಲಿಸಿಬಿಟ್ಟರು. ಅಕ್ಕ ಹೆಚ್ಚುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ನಾನು ಭಾವ" ಎಂದೆ.

ಅವರು ಕೈ ಚಾಚಿ ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು. ಆ ಕೈಯ ಬೆರಳುಗಳಲ್ಲೆಲ್ಲ ಬೆಸುಗೆಯ ಸುಟ್ಟ ಗುರುತಿತ್ತು. "ಓಡುವಾಗ ಚಿಪ್ಪು ಬಿಸಿ ಆಗ್ತಾ?" ಎಂದು ಕೇಳಿದರು. ಆಗುತ್ತದೆ, ಕೈಗೆ ತಾಳುವಷ್ಟೇ, ಎಂದೆ.

"ನಾಳೆ ನಿನ್ನ ಜೊತೆ ಕುಮಟೆಗೆ ಬತ್ತೆ. ಮುಟ್ಟಿ ನೋಡ್ತೆ" ಎಂದರು.