ಮಾವನ ಹಲ್ಲು, ಅಳಿಯನ ಲಾಕು

ಕಾಂತೇಶ್ ಕೀಯಲ್ಲಿದ್ದ ರಿಮೋಟ್ ಒತ್ತಿದ. ಕಾರು ಕೇಳಿಸಿಯೂ ಕೇಳಿಸದ ಗುಮಾಸ್ತನ ಹಾಗೆ ಸುಮ್ಮನೆ ನಿಂತಿತ್ತು. ಇನ್ನೊಮ್ಮೆ ಒತ್ತಿದ. ಟಕ್ ಎನ್ನಬೇಕಾದ ಬಾಗಿಲುಗಳು ಉಸಿರೆತ್ತಲಿಲ್ಲ.

ಆ ಹಳೇ ಕಾರಿನ ಬಾಗಿಲಿನಲ್ಲಿ ಕೀ ಹಾಕುವ ತೂತು ತುಕ್ಕು ಹಿಡಿದು ಯಾವ ಕಾಲವಾಯಿತೋ. ನಾಲ್ಕೂ ಬಾಗಿಲಿಗೆ ರಿಮೋಟ್ ಒಂದೇ ದಿಕ್ಕು. ಬೇರೆ ದಿನವಾಗಿದ್ದರೆ ಅವನು ಕೊಪ್ಪದ ಬಸ್‌ಸ್ಟ್ಯಾಂಡಿಗೆ ನಡೆದುಬಿಡುತ್ತಿದ್ದ. ಇವತ್ತು ಕಾರಿನೊಳಗೆ ಮಾವನ ಹಲ್ಲಿತ್ತು.

ಮಾವ ವೃಷಭೇಂದ್ರಪ್ಪ ಅಂದು ಹರಿಹರಪುರದ ಶಾಲೆಯೊಂದರಲ್ಲಿ ಭಾಷಣ ಸ್ಪರ್ಧೆಯ ಮುಖ್ಯ ಅತಿಥಿ. ಕರೆಸಿದವಳು ಅಲ್ಲೇ ಟೀಚರಾಗಿದ್ದ ಅವರ ಮಗಳು, ಕಾಂತೇಶನ ಹೆಂಡತಿ ದಾಕ್ಷಾಯಿಣಿ. "ಅಪ್ಪ ಹಲ್ಲು ಹಾಕ್ಕೊಂಡೇ ಬರ್ಬೇಕು. ಇಲ್ಲಾಂದ್ರೆ ನೀವೂ ಬರೋದು ಬೇಡ" ಎಂದು ಹೇಳಿ ಅವಳು ಬೆಳಿಗ್ಗೆಯೇ ಬಸ್ಸು ಹತ್ತಿದ್ದಳು. ಹೊಸ ಹಲ್ಲಿನ ಸೆಟ್ಟನ್ನು ನಿನ್ನೆ ಸಂಜೆ ಡಾಕ್ಟರ ಹತ್ತಿರದಿಂದ ತಂದವನು ಕಾಂತೇಶ್. ಅದನ್ನು ಕಾರಿನ ಖಾನೆಯಲ್ಲೇ ಮರೆತವನೂ ಅವನೇ.

ಬಾಯಿ ಬೋಳಾಗಿರುವ ಸಂಗತಿ ಬೀಗಿತ್ತಿಗೆ, ಅಂದರೆ ಕಾಂತೇಶನ ತಾಯಿ ಗಂಗಾಂಬಿಕೆಗೆ, ತಿಳಿಯಕೂಡದೆಂದು ಮಾವನ ಕಟ್ಟಪ್ಪಣೆ. ಹಾಗಾಗಿ ಅವರು ಬಾಯಿಗೆ ಟವಲು ಅಡ್ಡ ಹಿಡಿದು ಜಗಲಿಯಲ್ಲಿ ಕೂತು ಅಳಿಯನನ್ನು ಹುಬ್ಬಿನಲ್ಲೇ ಬೈಯುತ್ತಿದ್ದರು.

"ಬೀಗ್ರಿಗೆ ನೆಗಡಿ ಅಂತ ಕಾಣುತ್ತೆ" ಎಂದು ಗಂಗಾಂಬಿಕೆ ಶುಂಠಿ ಕಷಾಯ ತಂದಿಟ್ಟರು. ಸೋಮವಾರದ ಪೂಜೆ ಮುಗಿದು ಹಣೆ ತುಂಬ ವಿಭೂತಿಯಿತ್ತು. ಹೊಸದಾಗಿ ಬಂದದ್ದಿರಲಿ, ರಿಪೇರಿಯಾಗಿ ಬಂದದ್ದಿರಲಿ, ದೇವರ ಮುಂದೆ ಹೋಗದೆ ಯಾವುದೂ ಆ ಮನೆಯಲ್ಲಿ ಬಳಕೆಗೆ ಬರುವಂತಿರಲಿಲ್ಲ. ಹೋದ ತಿಂಗಳು ಮಿಕ್ಸಿ ಕುಂಕುಮ ಇಟ್ಟುಕೊಂಡೇ ಕಾಯಿ ರುಬ್ಬಿತ್ತು.

ಪಕ್ಕದ ಮನೆಯ ಲಕ್ಷ್ಮೀಶ ಬೇಲಿ ದಾಟಿ ಬಂದ. "ಎಂತ ಮಾರಾಯ, ಗಾಡಿ ಮುನಿಸ್ಕೊಂಡಿದ್ಯಾ? ಸೆಲ್ ಹೋಗಿರ್ತದೆ." ತನ್ನ ಮನೆಯ ತೂಕದ ಯಂತ್ರದಿಂದ ಸೆಲ್ ಕಿತ್ತು ತಂದು ಹಾಕಿದ. ಕಾರು ಅದಕ್ಕೂ ಜಗ್ಗಲಿಲ್ಲ.

"ಹಾಗಾದ್ರೆ ಗಲ್ಲಕ್ಕೆ ಒತ್ತಿ ಹಿಡಿ. ತಲೆಯಿಂದ ಸಿಗ್ನಲ್ ಜೋರಾಗ್ತದಂತೆ. ಮೊಬೈಲಲ್ಲಿ ನೋಡಿದೀನಿ."

ಕಾಂತೇಶ್ ಗಲ್ಲಕ್ಕೆ ಒತ್ತಿದ. ಏನೂ ಆಗಲಿಲ್ಲ.

"ನಿನ್ನ ತಲೆಯಿಂದ ಆಗ್ಲಿಕ್ಕಿಲ್ಲ. ಕೊಡಿಲ್ಲಿ."

ಲಕ್ಷ್ಮೀಶನ ತಲೆಯಿಂದಲೂ ಆಗಲಿಲ್ಲ. ಹಾಲಿನವನು, ಪೋಸ್ಟಿನವನು ಒಬ್ಬೊಬ್ಬರಾಗಿ ತಮ್ಮ ತಲೆ ಪರೀಕ್ಷೆ ಮಾಡಿಕೊಂಡರು. ಕೊನೆಗೆ ಮಾವನವರೂ ಟವಲಿನ ಮರೆಯಲ್ಲೇ ರಿಮೋಟ್ ಒತ್ತಿದರು. ಕಾರು ತೆರೆಯಲಿಲ್ಲ. ಎಲ್ಲರ ಗಲ್ಲಕ್ಕೂ ಕೆಂಪಿರುವೆ ಹತ್ತಿತು ಅಷ್ಟೆ.

ಲಕ್ಷ್ಮೀಶ ಸೋಲಲಿಲ್ಲ. ಕಿಟಕಿಯ ಸಂದಿಯಲ್ಲಿ ಮಗಳ ಸ್ಕೇಲು ತೂರಿಸಿ ತಿರುವಿದ. ಸ್ಕೇಲು ಬಾಗಿಲಿನ ಹೊಟ್ಟೆಯೊಳಗೆ ಇಳಿದು ಅಲ್ಲೇ ಉಳಿಯಿತು. ಅಷ್ಟರಲ್ಲಿ ದಾಕ್ಷಾಯಿಣಿಯ ಫೋನು. "ಹೊರಟ್ರಾ?"

"ಇನ್ನೇನು, ಕಾರು ಹತ್ತೋದೇ" ಎಂದ ಕಾಂತೇಶ್. ಅದು ಸುಳ್ಳೇನೂ ಆಗಿರಲಿಲ್ಲ.

ಗ್ಯಾರೇಜಿನ ಯೋಗೇಂದ್ರ ಬೈಕಿನಲ್ಲಿ ಬಂದವನು ಕಾರನ್ನು ಮುಟ್ಟಲೇ ಇಲ್ಲ. ರಿಮೋಟ್ ಬಿಚ್ಚಿದ, ಮೂಸಿದ, ಎಲ್ಲರ ಮುಖ ನೋಡಿದ.

"ಸಾರ್, ಇದಕ್ಕೆ ಯಾರೋ ಪಂಚಾಮೃತ ಕುಡಿಸಿದಾರೆ. ಬಾಳೆಹಣ್ಣಿನ ಚೂರೂ ಉಂಟು."

"ನಾನೇ" ಎಂದರು ಗಂಗಾಂಬಿಕೆ. "ಬೀಗ್ರು ಕೂರೋ ಗಾಡಿ, ಸೋಮವಾರ ಬೇರೆ. ಇಡೀ ಕಾರಿಗೆ ಅಭಿಷೇಕ ಮಾಡೋಕಾಗುತ್ತಾ? ಕೀಗೆ ಮಾಡ್ದೆ."

ಯೋಗೇಂದ್ರ ರಿಮೋಟ್ ಒರೆಸಿ, ಲಕ್ಷ್ಮೀಶನ ಹೆಂಡತಿಯ ಹೇರ್ ಡ್ರೈಯರಿನಲ್ಲಿ ಒಣಗಿಸಿ, ಒತ್ತಿದ. ಟಕ್. ಕಾಂತೇಶ್ ಒಳಗೆ ನುಗ್ಗಿ ಖಾನೆ ಎಳೆದ. ಹಳೇ ಇನ್ಶೂರೆನ್ಸ್ ಕಾಗದ ಇತ್ತು, ಜೀರಿಗೆ ಪೆಪ್ಪರಮೆಂಟು ಇತ್ತು. ಹಲ್ಲಿನ ಡಬ್ಬಿ ಇರಲಿಲ್ಲ.

ಮಾವನ ಟವಲು ಜಾರಿತು. "ನನ್ನ ಹಲ್ಲೆಲ್ಲಿ?" ಎಂಬ ಪ್ರಶ್ನೆ ಬೋಳು ಬಾಯಿಂದ ಬೀದಿಗೆಲ್ಲ ಕೇಳಿಸಿತು.

"ಹಲ್ಲಾ? ಅದು ದೇವರ ಮುಂದಿದೆಯಲ್ಲ" ಎಂದು ಗಂಗಾಂಬಿಕೆ ಒಳಗಿನಿಂದ ತಟ್ಟೆ ತಂದರು. ಹಲ್ಲಿನ ಸೆಟ್ಟು ಮೂರು ಗೆರೆ ವಿಭೂತಿ ಧರಿಸಿ, ತುಂಬೆ ಹೂವು ಮುಡಿದು ಕೂತಿತ್ತು. "ಬೆಳಿಗ್ಗೆ ಕಾರು ಒರೆಸೋವಾಗ ಖಾನೇಲಿ ಕಂಡೆ. ಹೊಸಾ ವಸ್ತು ಅಂತ, ಗಾಡಿ ಲಾಕ್ ಮಾಡಿ, ಕೀ ಜೊತೆಗೇ ಪೂಜೆಗಿಟ್ಟೆ. ನೀವು ಹುಡುಕ್ತಿರೋದು ಇದನ್ನೇ ಅಂತ ಒಬ್ರಾದ್ರೂ ನಂಗೆ ಹೇಳಿದ್ರಾ?"

ವೃಷಭೇಂದ್ರಪ್ಪ ಬಚ್ಚಲಿಗೆ ಹೋಗಿ ಹಲ್ಲು ತೊಳೆದು ಹಾಕಿಕೊಂಡು ಬಂದರು. ಹೊಸ ಹಲ್ಲಿನಲ್ಲಿ ಆಡಿದ ಮೊದಲ ಮಾತು ಅಳಿಯನಿಗೆ. "ಮುಂದಿನ ಸಲ ಡಾಕ್ಟರ ಹತ್ರ ನಿಮ್ಮ ತಾಯಿಯವರನ್ನ ಕಳಿಸಿ."

"ಅದೆಲ್ಲ ಸರಿ, ಲಾಕೂ ಆಗ್ತದಾ?" ಎಂದ ಲಕ್ಷ್ಮೀಶ. ಯೋಗೇಂದ್ರ ಬಾಗಿಲು ಹಾಕಿ ಒತ್ತಿ ತೋರಿಸಿದ. ಟಕ್. ನಾಲ್ಕೂ ಬಾಗಿಲು ಭದ್ರವಾದವು. ಕಾಂತೇಶನಿಗೆ ಜೀವ ಬಂದಂತಾಯಿತು. ಈಗ ಹೊರಟರೂ ಹೊತ್ತಿಗೆ ಸರಿಯಾಗಿ ಮುಟ್ಟಬಹುದು. ಮಾವನ ಶಲ್ಯ ಸರಿಮಾಡಿ, ಯೋಗೇಂದ್ರನತ್ತ ಕೈಚಾಚಿದ.

"ಕೀ ಕೊಡು ಮಾರಾಯ."

"ನನ್ನ ಹತ್ರ ಎಲ್ಲಿದೆ ಸಾರ್? ಈಗಷ್ಟೇ ಅಮ್ಮ ಇಸ್ಕೊಂಡು ಒಳಗೆ ಹೋದ್ರು. ರಿಪೇರಿಯಾಗಿ ಬಂದದ್ದಲ್ವಾ ಅಂದ್ರು."

ದೇವರ ಕೋಣೆಯಲ್ಲಿ ಗಂಟೆ ಮೊಳಗತೊಡಗಿತು.